ಕೇದಾರದ ನೆತ್ತಿಯಲ್ಲಿ ಕೋಡಿಯಿಲ್ಲದ ಕೆರೆ

ಯುಗಾದಿ ಕಳೆಯಿತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಬಸ್ ಸ್ಟ್ಯಾಂಡಿನ ಗೋಡೆಗಳಲ್ಲಿ ಸಿನಿಮಾ ಪೋಸ್ಟರಿನ ಮಗ್ಗುಲಲ್ಲೇ ಕಾಶಿ–ಕೇದಾರ–ಬದರಿ ಯಾತ್ರೆಯ ಚೀಟಿಗಳು ಅಂಟಿಕೊಳ್ಳುತ್ತವೆ. ಇಷ್ಟು ದಿನ, ಇಷ್ಟು ದುಡ್ಡು, ಅಡುಗೆಯವರು ಜೊತೆಯಲ್ಲೇ ಬರುತ್ತಾರೆ, ಮುದ್ದೆಗೂ ತೊಂದರೆಯಿಲ್ಲ. ಎಲ್ಲವೂ ಇರುತ್ತದೆ. ಆದರೆ ಹೋಗುವ ಜಾಗ ಎಂಥದು, ಅಲ್ಲಿನ ಬೆಟ್ಟ ಎಂಥದು ಎಂಬ ಒಂದು ಸಾಲು ಮಾತ್ರ ಆ ಚೀಟಿಯಲ್ಲಿ ಇರುವುದಿಲ್ಲ.

ಮಳವಳ್ಳಿಯ ಬಟ್ಟೆ ಅಂಗಡಿಯೊಂದರಲ್ಲಿ ಸ್ವೆಟರ್ ಕೊಳ್ಳಲು ಬಂದಿದ್ದ ತಾಯಿ ಮಗನ ನಡುವೆ ಇದೇ ಮಾತು.

"ಅವ್ವಾ, ಅಲ್ಲಿ ಚಳಿ ಕಣವ್ವ. ಹಿಮ ಬೀಳ್ತದೆ. ನಿನ್ನ ಕೈಲಾದದಾ?"

"ಬುಡ್ಲಾ ಮಗ. ಮಾದಪ್ಪನ ಬೆಟ್ಟಕ್ಕೆ ನಡ್ಕಂಡೇ ಹೋಗಿ ಬಂದಿವ್ನಿ. ಅದೂ ಬೆಟ್ಟ, ಇದೂ ಬೆಟ್ಟ."

ಅಂಗಡಿಯವರು ಸ್ವೆಟರಿನ ಜೊತೆಗೆ ಒಂದು ಮಂಕಿ ಕ್ಯಾಪನ್ನೂ ಮುಂದಿಟ್ಟು, "ಇದೂ ಇರ್ಲಿ ದೊಡ್ಡವ್ವ" ಎಂದರು. ಆ ತಾಯಿಯ ಭಕ್ತಿ ದೊಡ್ಡದು, ಧೈರ್ಯವೂ ದೊಡ್ಡದು. ಆದರೆ ಅದೂ ಬೆಟ್ಟ, ಇದೂ ಬೆಟ್ಟ ಎಂಬ ಮಾತೊಂದು ಮಾತ್ರ ಸರಿಯಲ್ಲ. ಏಕೆಂದು ತಿಳಿದು ಹೊರಟರೆ ಯಾತ್ರೆ ಸುಖವಾಗುತ್ತದೆ. ತಿಳಿಯದೆ ಹೊರಟವರಿಗೆ ಏನಾಗಬಹುದು ಎಂಬುದನ್ನು 2013ರ ಜೂನ್ ತಿಂಗಳು ತೋರಿಸಿದೆ.

ಎತ್ತರದ ಲೆಕ್ಕ

ಮಂಡ್ಯ ಪಟ್ಟಣವೇ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಮೇಲಿದೆ. ಮಾದಪ್ಪನ ಬೆಟ್ಟ ಸುಮಾರು 3,000 ಅಡಿ. ನಮ್ಮ ರಾಜ್ಯದಲ್ಲೇ ಅತಿ ಎತ್ತರದ್ದು ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ, 6,330 ಅಡಿ. ಕೇದಾರನಾಥ ದೇವಸ್ಥಾನ ಇರುವುದು 11,700 ಅಡಿಗೂ ಮೇಲೆ. ಅಂದರೆ ಮುಳ್ಳಯ್ಯನಗಿರಿಯ ತುದಿಗೆ ಇನ್ನೊಂದು ಮುಳ್ಳಯ್ಯನಗಿರಿ ಪೇರಿಸಿದರೂ ಸರಿಸುಮಾರು ದೇವಸ್ಥಾನದ ಮಟ್ಟಕ್ಕೆ ಬಂದಂತಾಯಿತು, ಅಷ್ಟೆ.

ದೇವಸ್ಥಾನದ ಹಿಂದೆ ಬೆಳ್ಳಗೆ ಎದ್ದು ನಿಂತಿರುವುದು ಕೇದಾರನಾಥ ಶಿಖರ. ಅದರ ಎತ್ತರ 6,940 ಮೀಟರ್, ಅಡಿ ಲೆಕ್ಕದಲ್ಲಿ 22,769. ಅದಕ್ಕೆ ಅಂಟಿಕೊಂಡಂತೆ ಕೇದಾರ ಡೋಮ್ ಎಂಬ ಇನ್ನೊಂದು ಶಿಖರ, 6,831 ಮೀಟರ್. ಕ್ಯಾಲೆಂಡರುಗಳಲ್ಲಿ ಗುಡಿಯ ಹಿಂದೆ ಕಾಣುವ ಬಿಳಿ ಗೋಡೆ ಇದೇ.

ಈ ಶಿಖರವನ್ನು ಮನುಷ್ಯರು ಮೊದಲು ಹತ್ತಿದ್ದು ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಒಂದು ತಿಂಗಳ ಮುಂಚೆ, 1947ರ ಜುಲೈನಲ್ಲಿ. ಸ್ವಿಟ್ಜರ್ಲೆಂಡಿನ ಆಂದ್ರೆ ರಾಕ್ ಅವರ ತಂಡ ಗಂಗೋತ್ರಿಯ ಕಡೆಯಿಂದ ಹತ್ತಿತು. ಮೊದಲ ಯತ್ನದಲ್ಲಿ ತಂಡದ ಶೆರ್ಪಾ ಮುಖಂಡ ವಾಂಗ್ದಿ ನೋರ್ಬು ಜಾರಿ ಬಿದ್ದು ತೀವ್ರವಾಗಿ ಗಾಯಗೊಂಡರು. ಅವರ ಜಾಗಕ್ಕೆ ಬಂದ ಯುವಕನೇ ಮುಂದಾಳಾಗಿ ಮರಳಿ ಹತ್ತಿ ತುದಿ ಮುಟ್ಟಿದ. ಆತನ ಹೆಸರು ತೇನಸಿಂಗ್ ನೋರ್ಗೆ. ಆರು ವರ್ಷದ ತರುವಾಯ, 1953ರ ಮೇ 29ರಂದು, ಎಡ್ಮಂಡ್ ಹಿಲೇರಿಯ ಜೊತೆ ಎವರೆಸ್ಟ್ ಏರಿದ್ದು ಅದೇ ತೇನಸಿಂಗ್. ಎವರೆಸ್ಟಿನ ವೀರನಿಗೂ ಒಂದೇ ಏಟಿಗೆ ಒಲಿಯದ ಬೆಟ್ಟ ಇದು.

ಅಲ್ಲಿಗೂ ಕನ್ನಡಕ್ಕೂ ನಂಟು

ಇಷ್ಟು ದೂರದ ಬೆಟ್ಟಕ್ಕೂ ನಮಗೂ ಏನು ಸಂಬಂಧ ಎಂದು ಕೇಳುವವರು ಇರಬಹುದು. ಸಂಬಂಧ ಹಳೆಯದು. ವೀರಶೈವರ ಪಂಚಪೀಠಗಳಲ್ಲಿ ಒಂದು ಬಾಳೆಹೊನ್ನೂರಿನಲ್ಲಿದೆ, ಇನ್ನೊಂದು ಉಜ್ಜಯಿನಿಯಲ್ಲಿದೆ. ಕಾಶಿ, ಶ್ರೀಶೈಲಗಳ ಜೊತೆ ಐದನೆಯದು ಕೇದಾರಪೀಠ. ಅದರ ಮಠ ಊಖೀಮಠದಲ್ಲಿದೆ. ಕೇದಾರನಾಥ ದೇವಸ್ಥಾನದ ಮುಖ್ಯಸ್ಥರಿಗೆ ರಾವಲ್ ಎನ್ನುತ್ತಾರೆ. ರಾವಲರೂ ಅವರ ಅಪ್ಪಣೆಯಂತೆ ಪೂಜೆ ಮಾಡುವ ಅರ್ಚಕರೂ ದಕ್ಷಿಣದ ವೀರಶೈವ ಜಂಗಮ ಪರಂಪರೆಯವರು. ಬದರಿಯ ರಾವಲರು ಕೇರಳದ ನಂಬೂದಿರಿಗಳಾದರೆ ಕೇದಾರದ ನಂಟು ಕರ್ನಾಟಕದ ಕಡೆಗೆ. ಹಿಮದ ಬುಡದಲ್ಲಿ ನಿಂತು ಕನ್ನಡದಲ್ಲಿ ಮಾತನಾಡಿಸಿದರೆ ಕನ್ನಡದಲ್ಲೇ ಉತ್ತರ ಬಂದೀತು.

ಚಳಿಗಾಲದಲ್ಲಿ ಅಲ್ಲಿ ದೇವರೂ ನಿಲ್ಲುವುದಿಲ್ಲ. ದೀಪಾವಳಿ ಕಳೆದು ಯಮದ್ವಿತೀಯೆಗೆ ಬಾಗಿಲು ಹಾಕಿ ಉತ್ಸವಮೂರ್ತಿಯನ್ನು ಊಖೀಮಠಕ್ಕೆ ಇಳಿಸಿಕೊಂಡು ಬರುತ್ತಾರೆ. ಮತ್ತೆ ಬಾಗಿಲು ತೆಗೆಯುವ ದಿನವನ್ನು ಶಿವರಾತ್ರಿಯಂದು ಗೊತ್ತುಮಾಡುತ್ತಾರೆ. ಆರು ತಿಂಗಳು ಮನುಷ್ಯರದು, ಆರು ತಿಂಗಳು ಹಿಮದ್ದು. ಹಿರಿಯರು ಆ ಬೆಟ್ಟದ ಸ್ವಭಾವ ತಿಳಿದೇ ಈ ಪದ್ಧತಿ ಇಟ್ಟಿದ್ದಾರೆ.

ಹಿಮನದಿ ಎಂದರೇನು?

ಹಿಮನದಿ ಎಂದಾಕ್ಷಣ ತಣ್ಣನೆ ನೀರಿನ ಹೊಳೆ ಎಂದು ತಿಳಿಯಬಾರದು. ಶಿಖರದ ಮೇಲೆ ವರ್ಷವರ್ಷವೂ ಬಿದ್ದ ಹಿಮ ಪೂರ್ತಿ ಕರಗುವುದಿಲ್ಲ. ಅದರ ಮೇಲೆ ಇನ್ನಷ್ಟು ಬೀಳುತ್ತದೆ. ಹುಲ್ಲಿನ ಮೆದೆಯ ಅಡಿಯ ಹುಲ್ಲು ಭಾರಕ್ಕೆ ಅಮುಕಿಕೊಂಡ ಹಾಗೆ ಕೆಳಗಿನ ಹಿಮ ಅಮುಕಿ ಅಮುಕಿ ಗಾಜಿನಂಥ ಗಟ್ಟಿ ಮಂಜುಗಡ್ಡೆಯಾಗುತ್ತದೆ. ಆಮೇಲೆ ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ಜರುಗಲು ಶುರುಮಾಡುತ್ತದೆ. ನಮ್ಮ ಆಲೆಮನೆಗಳಲ್ಲಿ ಕೊಪ್ಪರಿಗೆಯಿಂದ ಸುರಿದ ಬೆಲ್ಲದ ಪಾಕ ಗಟ್ಟಿಯಾಗುವ ಹೊತ್ತಿನಲ್ಲಿ ಹೇಗೆ ಮೆಲ್ಲಮೆಲ್ಲಗೆ ಸರಿಯುತ್ತದೋ ಹಾಗೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ನಿಂತಿರುವುದೂ ಇಲ್ಲ.

ಸರಿಯುವಾಗ ಅದು ಬೆಟ್ಟವನ್ನು ಕೆರೆದು ಕಲ್ಲು, ಮಣ್ಣು, ಬಂಡೆಗಳನ್ನು ತನ್ನ ಎರಡು ಮಗ್ಗುಲಿಗೂ ಮೂತಿಯ ಮುಂದಕ್ಕೂ ದಬ್ಬಿ ದಿಬ್ಬ ಹಾಕುತ್ತದೆ. ಈ ದಿಬ್ಬಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು. 2013ರ ಅನಾಹುತದ ಗುಟ್ಟು ಅಲ್ಲೇ ಇದೆ.

ಕೇದಾರನಾಥ ಶಿಖರ ಹೆಂಚಿನ ಮನೆಯ ಸೂರಿನ ಹಾಗೆ. ಎರಡು ಕಡೆಗೂ ನೀರು ಇಳಿಸುತ್ತದೆ. ದೇವಸ್ಥಾನದ ಕಡೆಗೆ ಇಳಿಯುವುದು ಚೋರಾಬಾರಿ ಹಿಮನದಿ. ಉದ್ದ ಸುಮಾರು 7 ಕಿಲೋಮೀಟರ್, ಹರವು ಸುಮಾರು 1,600 ಎಕರೆ. ಇದರ ನೀರೇ ಮಂದಾಕಿನಿ ಹೊಳೆ. ಬೆಟ್ಟದ ಆಚೆ ಮಗ್ಗುಲಿನ ಹಿಮ ಸೇರುವುದು ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿಯನ್ನು. ಅದರ ಮೂತಿಯೇ ಗೋಮುಖ. ಅಲ್ಲಿಂದ ಹೊರಡುವುದು ಭಾಗೀರಥಿ. ಮಂದಾಕಿನಿ ರುದ್ರಪ್ರಯಾಗದಲ್ಲಿ ಅಲಕನಂದೆಯನ್ನು ಕೂಡುತ್ತದೆ. ಅಲಕನಂದೆ ದೇವಪ್ರಯಾಗದಲ್ಲಿ ಭಾಗೀರಥಿಯನ್ನು ಕೂಡುತ್ತದೆ. ಅಲ್ಲಿಂದ ಮುಂದಕ್ಕೆ ಗಂಗೆ ಎಂಬ ಹೆಸರು. ಒಂದೇ ಬೆಟ್ಟದ ಎರಡು ಸೂರಿನ ನೀರು ಹೀಗೆ ಕೆಳಗೆ ಬಂದು ಒಂದಾಗುತ್ತದೆ.

ನಮ್ಮ ಕಾವೇರಿಗೆ ಈ ಭಾಗ್ಯವಿಲ್ಲ. ತಲಕಾವೇರಿಯಲ್ಲಿ ಹಿಮ ಎಲ್ಲಿಂದ ಬರಬೇಕು? ಕೊಡಗಿನಲ್ಲಿ ಮಳೆಯಾದರೆ ಕನ್ನಂಬಾಡಿ ತುಂಬುತ್ತದೆ, ಇಲ್ಲದಿದ್ದರೆ ನಾಲೆ ಒಣಗುತ್ತದೆ. ಗಂಗೆಗೂ ಹೆಚ್ಚಿನ ನೀರು ಮಳೆಯದೇ ಆದರೂ ಬೇಸಿಗೆಯ ಕಡುಬಿಸಿಲಿನಲ್ಲಿ ಕರಗುವ ಹಿಮ ಅದಕ್ಕೊಂದು ಆಸರೆ. ಹಾಗಾಗಿ ಆ ಶಿಖರ ಬರಿಯ ಬೆಟ್ಟವಲ್ಲ, ಗಟ್ಟಿ ನೀರು ತುಂಬಿಟ್ಟ ಒಂದು ಅಣೆಕಟ್ಟು. ಆದರೆ ಆ ಅಣೆಕಟ್ಟಿಗೆ ಗೇಟುಗಳಿಲ್ಲ, ಗೇಟು ಎತ್ತುವ ಇಂಜಿನಿಯರೂ ಇಲ್ಲ.

ಇಪ್ಪತ್ತು ಎಕರೆ ಕೆರೆ

ದೇವಸ್ಥಾನದಿಂದ ಸುಮಾರು 2 ಕಿಲೋಮೀಟರ್ ಮೇಲೆ ಚೋರಾಬಾರಿ ಹಿಮನದಿಯ ಮಗ್ಗುಲಲ್ಲಿ ಒಂದು ಕೆರೆ ಇತ್ತು. ಮಹಾತ್ಮ ಗಾಂಧಿಯವರ ಚಿತಾಭಸ್ಮದ ಒಂದು ಭಾಗವನ್ನು 1948ರಲ್ಲಿ ಅಲ್ಲಿ ವಿಸರ್ಜಿಸಿದ್ದರಿಂದ ಅದಕ್ಕೆ ಗಾಂಧಿ ಸರೋವರ ಎಂಬ ಹೆಸರು ಬಂತು. 400 ಮೀಟರ್ ಉದ್ದ, 200 ಮೀಟರ್ ಅಗಲ, 15–20 ಮೀಟರ್ ಆಳ. ನಮ್ಮ ಲೆಕ್ಕದಲ್ಲಿ 20 ಎಕರೆಯ ಕೆರೆ. ಮಂಡ್ಯ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಕೆರೆಗಳಿಗೆ ಲೆಕ್ಕವಿಲ್ಲ.

ಆದರೆ ಅದರ ಏರಿ ಎಂಥದು? ಹಿಂದೆ ಹೇಳಿದ ಅದೇ ದಿಬ್ಬ. ಹಿಮನದಿ ದಬ್ಬಿದ ಸಡಿಲ ಕಲ್ಲುಮಣ್ಣೇ ಒಂದು ಕಡೆಯ ಏರಿ, ಬೆಟ್ಟದ ಇಳಿಜಾರೇ ಇನ್ನೊಂದು ಕಡೆಯ ದಡ. ಆ ಏರಿಯನ್ನು ಯಾರೂ ಕಟ್ಟಿದ್ದಲ್ಲ, ತುಳಿದು ಗಟ್ಟಿಮಾಡಿದ್ದಲ್ಲ. ತಳದಲ್ಲಿ ಕಲ್ಲುಸಂದಿಯಿಂದ ಒಂದಿಷ್ಟು ನೀರು ಜಿನುಗಿ ಹೋಗುತ್ತಿತ್ತು. ಹೆಚ್ಚಾದ ನೀರು ಹೊರಗೆ ಹೋಗಲು ಕೋಡಿಯೇ ಇರಲಿಲ್ಲ.

ಕೋಡಿಯಿಲ್ಲದ ಕೆರೆಗೆ ಜೋರು ಮಳೆ ಬಿದ್ದರೆ ಏನಾಗುತ್ತದೆಂದು ಈ ಜಿಲ್ಲೆಯ ಯಾವ ರೈತನಿಗೂ ಪಾಠ ಹೇಳಬೇಕಾಗಿಲ್ಲ.

ಆ ವರ್ಷ ಮುಂಗಾರು ಅವಸರ ಮಾಡಿತು. ಇಡೀ ದೇಶವನ್ನು ಆವರಿಸಲು ಜುಲೈ ಮಧ್ಯದವರೆಗೆ ಹೊತ್ತು ತೆಗೆದುಕೊಳ್ಳಬೇಕಾದ ಮಳೆ ಜೂನ್ 16ಕ್ಕೇ ಆವರಿಸಿಬಿಟ್ಟಿತು. ಬೆಟ್ಟದ ಮೇಲೆ ಚಳಿಗಾಲದ ಹಿಮ ಇನ್ನೂ ಕರಗುತ್ತಿದ್ದ ಕಾಲ. ಯಾತ್ರೆಯ ಜನವೂ ಕಿಕ್ಕಿರಿದಿದ್ದ ಕಾಲ. ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆ ಹಿಮನದಿಯ ಬಳಿ ಇಟ್ಟಿದ್ದ ಮಳೆಮಾಪಕದಲ್ಲಿ ಜೂನ್ 15ರ ಸಂಜೆಯಿಂದ 16ರ ಸಂಜೆವರೆಗೆ 325 ಮಿಲಿಮೀಟರ್ ಮಳೆ ದಾಖಲಾಯಿತು. ಮಂಡ್ಯದಲ್ಲಿ ಇಡೀ ವರ್ಷಕ್ಕೆ ಬೀಳುವುದೇ 700ರ ಆಸುಪಾಸು. ನಮ್ಮ ಅರ್ಧ ವರ್ಷದ ಮಳೆ ಅಲ್ಲಿ ಒಂದೇ ಹಗಲು ರಾತ್ರಿಯಲ್ಲಿ ಸುರಿಯಿತು.

16ರ ಸಂಜೆ ಐದೂಕಾಲರ ಹೊತ್ತಿಗೆ ಮೊದಲ ಪ್ರವಾಹ ಊರೊಳಕ್ಕೆ ನುಗ್ಗಿತು. ಉಳಿದವರು ಗುಡಿಯಲ್ಲಿ, ಮಹಡಿಗಳಲ್ಲಿ ಜೀವ ಬಿಗಿಹಿಡಿದು ರಾತ್ರಿ ಕಳೆದರು. ಬೆಳಗಾಯಿತು, ಬದುಕಿದೆವು ಎಂದುಕೊಂಡಿರಬೇಕು. 17ರ ಬೆಳಿಗ್ಗೆ ಆರು ಮುಕ್ಕಾಲರ ಹೊತ್ತಿಗೆ ಮೇಲಿನ ಕೆರೆಯ ಏರಿ ಒಡೆಯಿತು. ಐದರಿಂದ ಹತ್ತು ನಿಮಿಷದಲ್ಲಿ ಇಡೀ ಕೆರೆ ಖಾಲಿ ಎಂದು ವಾಡಿಯಾ ಸಂಸ್ಥೆಯ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಇಪ್ಪತ್ತು ಎಕರೆ ಕೆರೆಗೆ ಅಷ್ಟು ಶಕ್ತಿ ಎಲ್ಲಿಂದ ಬಂತು? ಎತ್ತರದಿಂದ. ಕೆರೆಗೂ ಗುಡಿಗೂ ಸುಮಾರು 1,200 ಅಡಿ ತಗ್ಗಿತ್ತು. ನಮ್ಮ ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಯನ್ನು ನೆನೆಸಿಕೊಳ್ಳಿ. ಶಿವನಸಮುದ್ರದಲ್ಲಿ ಕಾವೇರಿ ಕೆಲವು ನೂರು ಅಡಿ ಇಳಿಯುವುದರ ಬಲದಿಂದಲೇ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಅದರ ಮೂರು ಪಾಲು ಎತ್ತರದಿಂದ ನೀರು ಒಂಟಿಯಾಗಿ ಬರಲಿಲ್ಲ, ಬಂಡೆ ಮಣ್ಣುಗಳನ್ನೆಲ್ಲ ಬಾಚಿಕೊಂಡು ಬಂತು. ಹಾದಿಯ ನಡುವಿನ ರಾಮಬಾಡಾ ಎಂಬ ಊರು ಗುರುತಿಲ್ಲದಂತೆ ಹೋಯಿತು. ಗೌರಿಕುಂಡಕ್ಕೂ ಭಾರೀ ಪೆಟ್ಟು ಬಿತ್ತು. ಆ ದಿನಗಳಲ್ಲಿ ಉತ್ತರಾಖಂಡದಲ್ಲಿ ಒಟ್ಟು 5 ಸಾವಿರಕ್ಕೂ ಹೆಚ್ಚು ಮಂದಿ ಅಸುನೀಗಿದರು. ಎಷ್ಟೋ ಜನರ ದೇಹವೂ ಮನೆಯವರಿಗೆ ಸಿಗಲಿಲ್ಲ. ಕರ್ನಾಟಕದಿಂದ ಹೋದವರೂ ನೂರಾರು ಮಂದಿ ಬೆಟ್ಟದಲ್ಲಿ ಸಿಕ್ಕಿಕೊಂಡಿದ್ದರು.

ಗುಡಿ ಉಳಿಯಿತು. ಪ್ರವಾಹದಲ್ಲಿ ಉರುಳಿ ಬಂದ ಒಂದು ಭಾರೀ ಬಂಡೆ ಗುಡಿಯ ಹಿಂದೆ ಬಂದು ನಿಂತು ನೀರನ್ನು ಎರಡು ಪಾಲು ಮಾಡಿತು. ಈಗ ಅದಕ್ಕೆ ಭೀಮಶಿಲೆ ಎಂದು ಹೆಸರು, ಪೂಜೆಯೂ ಆಗುತ್ತದೆ. ಭಕ್ತರು ಅದನ್ನು ದೇವರ ಮಹಿಮೆ ಎನ್ನುತ್ತಾರೆ. ಎನ್ನಲಿ. ಆದರೆ ಬಂಡೆ ಕಾದದ್ದು ಗುಡಿಯನ್ನು. ಹೊಳೆಯ ಪಾತ್ರದಲ್ಲೇ ಕಟ್ಟಿದ್ದ ಲಾಡ್ಜು, ಅಂಗಡಿ, ಹೋಟೆಲುಗಳನ್ನು ಕಾಯಲು ಇನ್ನೊಂದು ಬಂಡೆ ಬರಲಿಲ್ಲ. ನಮ್ಮೂರುಗಳಲ್ಲಿ ಕೆರೆ ಅಂಗಳದಲ್ಲಿ, ರಾಜಕಾಲುವೆ ಮೇಲೆ ಸೈಟು ಮಾಡುವವರೂ ಈ ಮಾತನ್ನು ಸ್ವಲ್ಪ ಕಿವಿಗೆ ಹಾಕಿಕೊಂಡರೆ ಒಳ್ಳೆಯದು.

ಕನ್ನಂಬಾಡಿಯ ಮಟ್ಟ ಎಷ್ಟಾಯಿತೆಂದು ಮಂಡ್ಯದವರು ಮಳೆಗಾಲದಲ್ಲಿ ದಿನಾ ಪೇಪರ್ ನೋಡುತ್ತಾರೆ. 124.80 ಅಡಿ ಎಂಬ ಅಂಕಿ ಇಲ್ಲಿ ಮಕ್ಕಳಿಗೂ ಬಾಯಿಪಾಠ. ಚೋರಾಬಾರಿ ಕೆರೆಯ ಮಟ್ಟ ಎಷ್ಟಾಯಿತೆಂದು ಕೆಳಗೆ ಮಲಗಿದ್ದ ಯಾತ್ರಿಕರಿಗೆ ಕೂಗಿ ಹೇಳುವವರು ಅಂದು ಇರಲಿಲ್ಲ. ವ್ಯತ್ಯಾಸ ಇಷ್ಟೇ. ಈ ಇಷ್ಟರಲ್ಲೇ ಸಾವಿರಾರು ಜೀವ ಹೋಯಿತು.

ಬೆಟ್ಟ ಈಗಲೂ ಸುಮ್ಮನಿಲ್ಲ

ಆಮೇಲೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯವರು ಮುಂದೆ ನಿಂತು ದಾರಿ ಸರಿಮಾಡಿದರು. ಗುಡಿಯ ಹಿಂದೆ ಮೂರು ಸಾಲು ರಕ್ಷಣಾ ಗೋಡೆ ಎದ್ದಿತು. ಮೊದಲು 14 ಕಿಲೋಮೀಟರ್ ಇದ್ದ ಗೌರಿಕುಂಡದ ಕಾಲುದಾರಿ ರಾಮಬಾಡಾದಿಂದ ಹೊಳೆಯ ಆಚೆ ದಡಕ್ಕೆ ತಿರುಗಿ ಸುಮಾರು 16 ಕಿಲೋಮೀಟರ್ ಆಯಿತು. ಸೋನಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರ್ ರೋಪ್‌ವೇಗೆ ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು.

ಮನುಷ್ಯ ಸುಧಾರಿಸಿಕೊಂಡ. ಬೆಟ್ಟ ತನ್ನ ಪಾಡಿಗೆ ತಾನಿದೆ. ಲೋಕದ ಬಿಸಿ ಏರಿದಂತೆ ಹಿಮನದಿಗಳು ಕರಗಿ ಹಿಂದೆ ಸರಿಯುತ್ತಿವೆ. ಗಂಗೋತ್ರಿ ಹಿಮನದಿಯ ಮೂತಿ 1935ರಿಂದ ಅಳೆದ ಲೆಕ್ಕದಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ಹಿಂದಕ್ಕೆ ಹೋಗಿದೆ. ಹಿಮ ಹಿಂದೆ ಸರಿದಲ್ಲಿ ಸಡಿಲ ಕಲ್ಲುಮಣ್ಣು ಉಳಿಯುತ್ತದೆ, ತಗ್ಗಿನಲ್ಲಿ ಹೊಸ ಕೆರೆಗಳು ನಿಲ್ಲುತ್ತವೆ.

2021ರ ಫೆಬ್ರುವರಿ 7ರಂದು ಚಮೋಲಿ ಜಿಲ್ಲೆಯಲ್ಲಿ ಬಂಡೆಯೂ ಹಿಮವೂ ಒಟ್ಟಿಗೆ ಕುಸಿದು ಋಷಿಗಂಗೆಯಲ್ಲಿ ಪ್ರವಾಹ ಬಂತು. ಸತ್ತವರು, ಕಾಣೆಯಾದವರು ಸೇರಿ 200ಕ್ಕೂ ಹೆಚ್ಚು. ಆಗ ಮಳೆಯೂ ಇರಲಿಲ್ಲ. 2024ರ ಜೂನ್‌ನಲ್ಲಿ ಉತ್ತರಕಾಶಿ ಕಡೆಯ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಅದೇ ವರ್ಷ ಜುಲೈ 31ರ ರಾತ್ರಿ ಕೇದಾರದ ಕಾಲುದಾರಿಯೇ ಮಳೆಗೆ ಕಿತ್ತುಹೋಗಿ ಸಾವಿರಾರು ಯಾತ್ರಿಕರನ್ನು ಕೆಳಗಿಳಿಸಬೇಕಾಯಿತು. ನಡೆಯುವ ಕಷ್ಟವೇ ಬೇಡವೆಂದು ಹೆಲಿಕಾಪ್ಟರ್ ಹತ್ತಿದರೂ ಮೋಡ ಯಾರ ಮಾತನ್ನೂ ಕೇಳುವುದಿಲ್ಲ. 2025ರ ಜೂನ್ 15ರಂದು ಕೇದಾರದಿಂದ ಹೊರಟ ಹೆಲಿಕಾಪ್ಟರ್ ಗೌರಿಕುಂಡದ ಬಳಿ ಬಿದ್ದು 7 ಮಂದಿ ಸತ್ತರು.

ಹೋಗುವವರು ಮಾಡಬೇಕಾದ್ದು

ಇಷ್ಟು ಹೇಳಿದ್ದು ಯಾರನ್ನೂ ಹೆದರಿಸಿ ಮನೆಯಲ್ಲಿ ಕೂರಿಸಲು ಅಲ್ಲ. ಲಕ್ಷಾಂತರ ಜನ ಪ್ರತಿವರ್ಷ ಹೋಗಿ ಸುಖವಾಗಿ ಬರುತ್ತಿದ್ದಾರೆ. ಅವರಂತೆ ಬರಬೇಕಾದರೆ ನಾಲ್ಕು ಮಾತು ನೆನಪಿರಬೇಕು.

ಮೊದಲನೆಯದು ಕಾಲ. ಜುಲೈ, ಆಗಸ್ಟ್ ಬೇಡವೇ ಬೇಡ. ಬಾಗಿಲು ತೆರೆದ ಮೇಲೆ ಮೇ ತಿಂಗಳು, ಇಲ್ಲವೇ ಮಳೆ ಹಿಂದೆಗೆದ ಮೇಲೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ವಾಸಿ. ಜೂನ್‌ನಲ್ಲಿ ಹೊರಟರೆ ಹವಾಮಾನ ಇಲಾಖೆಯ ಮುನ್ಸೂಚನೆ ಕೇಳಿಯೇ ಹತ್ತಬೇಕು.

ಎರಡನೆಯದು ಉಸಿರು. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಪ್ರಾಣವಾಯು ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. 2022ರ ಒಂದೇ ಯಾತ್ರಾಕಾಲದಲ್ಲಿ ನಾಲ್ಕು ಧಾಮಗಳಲ್ಲಿ 200ಕ್ಕೂ ಹೆಚ್ಚು ಯಾತ್ರಿಕರು ತೀರಿಕೊಂಡರು. ಹೆಚ್ಚಿನವರ ಜೀವ ತೆಗೆದದ್ದು ಪ್ರವಾಹವಲ್ಲ, ಹೃದಯ ಮತ್ತು ಎತ್ತರ. ಬಿ.ಪಿ., ಸಕ್ಕರೆ ಕಾಯಿಲೆ, ಎದೆನೋವು ಇರುವವರು ಇಲ್ಲೇ ಡಾಕ್ಟರಿಗೆ ತೋರಿಸಿ ಹೊರಡಬೇಕು. ಗುಪ್ತಕಾಶಿಯಲ್ಲೋ ಸೋನಪ್ರಯಾಗದಲ್ಲೋ ಒಂದೆರಡು ರಾತ್ರಿ ತಂಗಿ ಮೈಗೆ ಎತ್ತರ ಒಗ್ಗಿಸಿಕೊಳ್ಳಬೇಕು. ತಲೆನೋವು, ವಾಂತಿ, ಏದುಸಿರು ಶುರುವಾದರೆ ಹಠ ಬೇಡ, ಕೆಳಗಿಳಿಯುವುದೇ ಮದ್ದು.

ಮೂರನೆಯದು ಲೆಕ್ಕ. ಉತ್ತರಾಖಂಡ ಸರ್ಕಾರದಲ್ಲಿ ಯಾತ್ರೆಗೆ ಹೆಸರು ನೋಂದಾಯಿಸುವುದು ಕಡ್ಡಾಯ. 2013ರಲ್ಲಿ ಯಾರು ಹೋಗಿದ್ದರು, ಯಾರು ಬಂದರು ಎಂಬ ಲೆಕ್ಕವೇ ಸರಿಯಾಗಿ ಸಿಗದೆ ಮನೆಯವರು ಪಟ್ಟ ಪಾಡು ಸಾಕು. ಟೂರಿನವರು ಮಾಡಿಸುತ್ತಾರೆ ಎಂದು ಬಿಡದೆ ಆ ಚೀಟಿಯನ್ನು ಕೈಯಲ್ಲಿ ಹಿಡಿದೇ ಬಸ್ಸು ಹತ್ತಬೇಕು.

ನಾಲ್ಕನೆಯದು ಮಾತು ಕೇಳುವುದು. ಅಲ್ಲಿನ ಪೊಲೀಸರು ಇಂದು ಹತ್ತಬೇಡಿ ಎಂದರೆ ಹತ್ತಬಾರದು. ದುಡ್ಡು ಕಟ್ಟಿದ್ದೇವೆ, ನಾಳೆ ಬದರಿಗೆ ಹೋಗಬೇಕು ಎಂಬ ವಾದ ಬೆಟ್ಟದ ಮುಂದೆ ನಡೆಯುವುದಿಲ್ಲ. ಟೂರು ನಡೆಸುವವರೂ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೇ ಪಟ್ಟಿ ಮಾಡಬೇಕು. ಚೀಟಿಯಲ್ಲಿ ಊಟ ತಿಂಡಿಯ ಜೊತೆಗೆ ಎತ್ತರ, ಚಳಿ, ಮಳೆಯ ಸಂಗತಿಯನ್ನೂ ಎರಡು ಸಾಲು ಅಚ್ಚು ಹಾಕಿಸಿದರೆ ಅವರ ಗಂಟೇನೂ ಹೋಗುವುದಿಲ್ಲ.

ಮಳವಳ್ಳಿಯ ಬಟ್ಟೆ ಅಂಗಡಿಯಲ್ಲಿ ಆ ಮಗ ಕೆರೆ ಒಡೆದ ಕಥೆಯನ್ನು ತನಗೆ ತಿಳಿದಷ್ಟು ಹೇಳಿದ. ಅದುವರೆಗೆ ಚಳಿಯನ್ನೂ ಎತ್ತರವನ್ನೂ ಲೆಕ್ಕಕ್ಕಿಡದ ತಾಯಿ ಒಂದೇ ಪ್ರಶ್ನೆ ಕೇಳಿದರು.

"ಆ ಕೆರೆಗೆ ಕೋಡಿ ಇರ್ನಿಲ್ವೇನ್ಲಾ?"

"ಇರ್ನಿಲ್ಲ ಕಣವ್ವ."

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾರೆ ಮಳೆ ಕಳೀಲಿ. ದಸರಾ ಆದ್ಮೇಲೆ ಹೋಗವ. ಸ್ವೆಟರ್ ಮಾತ್ರ ಈಗ್ಲೇ ಕಟ್ಟಿಸು."

ಅಂಗಡಿಯವರು ನಗುತ್ತ ಪೊಟ್ಟಣ ಕಟ್ಟಿದರು.